ಮೊಣಕಾಲಿನ ಲೆಕ್ಕ: ಇಕಾನಮಿ ಸೀಟಿನ ಇಂಚುಗಳು ಎಲ್ಲಿ ಹೋಗುತ್ತವೆ?

ಕೆಂಪು ಬಸ್ಸಿನಲ್ಲಿ ಓಡಾಡಿ ಬೆಳೆದವರಿಗೆ ಟಯರಿನ ಮೇಲಿನ ಸೀಟು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಹತ್ತು ವರ್ಷದ ಹುಡುಗನೂ ಆ ಸೀಟನ್ನು ತಪ್ಪಿಸಿಯೇ ಎಸೆಯುತ್ತಾನೆ. ಅಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತದೆ, ಊರು ತಲುಪುವ ಹೊತ್ತಿಗೆ ಕಾಲು ಮರಗಟ್ಟಿರುತ್ತದೆ ಎಂಬುದು ಅವನಿಗೆ ಗೊತ್ತು. ವಿಮಾನದ ವಿಷಯದಲ್ಲಿ ಇಂಥ ತಿಳಿವಳಿಕೆ ನಮಗಿನ್ನೂ ಕೂಡಿಬಂದಿಲ್ಲ. ಅಲ್ಲಿ ಸೀಟನ್ನು ಕಣ್ಣಾರೆ ನೋಡಿ ಹಿಡಿಯುವ ಅವಕಾಶವಿಲ್ಲ. ವಾರಗಳ ಮೊದಲೇ ಮೊಬೈಲಿನ ಪರದೆಯ ಮೇಲೆ ಒಂದು ಚೌಕವನ್ನು ಒತ್ತಿ ಹಣ ಕಟ್ಟಬೇಕು. ಆ ಪರದೆಯ ಮೇಲೆ ದರ, ಹೊರಡುವ ವೇಳೆ, 15 ಕಿಲೋ ಲಗೇಜು, 7 ಕಿಲೋ ಕೈಚೀಲ ಎಲ್ಲವೂ ನಮೂದಾಗಿರುತ್ತವೆ. ಕಾಲಿಗೆ ಎಷ್ಟು ಜಾಗ ಎಂಬುದೊಂದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಪುಟದಲ್ಲಿ ಬಣ್ಣಬಣ್ಣದ ಚೌಕಗಳು ಬರುತ್ತವೆ, ಒಂದೊಂದು ಬಣ್ಣಕ್ಕೆ ಒಂದೊಂದು ಬೆಲೆ. ಯಾವ ಬಣ್ಣಕ್ಕೆ ಎಷ್ಟು ಇಂಚು ಎಂದು ಅಲ್ಲಿಯೂ ಬರೆದಿರುವುದು ಅಪರೂಪ.

ವಿಮಾನಯಾನದವರು ಈ ಜಾಗವನ್ನು ಅಳೆಯಲು ಬಳಸುವ ಮಾತು ‘ಪಿಚ್’. ಒಂದು ಸೀಟಿನ ಮೇಲಿನ ಯಾವುದಾದರೂ ಒಂದು ಬಿಂದುವಿನಿಂದ ಅದರ ಮುಂದಿನ ಸೀಟಿನ ಅದೇ ಬಿಂದುವಿನವರೆಗಿನ ದೂರವೇ ಪಿಚ್. ಕಡಿಮೆ ದರದ ವಿಮಾನಗಳಲ್ಲಿ ಇದು 28ರಿಂದ 30 ಇಂಚು ಇರುತ್ತದೆ, ದೂರ ಪ್ರಯಾಣದ ದೊಡ್ಡ ವಿಮಾನಗಳ ಇಕಾನಮಿಯಲ್ಲಿ 31ರಿಂದ 33ರವರೆಗೆ ಹೋಗುತ್ತದೆ. ಇದನ್ನೇ ಕಾಲಿನ ಜಾಗವೆಂದು ಓದಿಕೊಳ್ಳುವುದು ಸಾಮಾನ್ಯವಾದ ತಪ್ಪು. ಪಿಚ್‌ನೊಳಗೆ ಸೀಟಿನ ಬೆನ್ನಿನ ದಪ್ಪವೂ ಸೇರಿದೆ. ಅದನ್ನು ಕಳೆದ ಮೇಲೆ ಉಳಿಯುವುದಷ್ಟೇ ನಮ್ಮ ಕಾಲಿಗೆ. ಹಳೆಯ ಸೀಟುಗಳಲ್ಲಿ ಸ್ಪಂಜು ತುಂಬಿದ ಬೆನ್ನು ನಾಲ್ಕೈದು ಇಂಚು ದಪ್ಪವಿರುತ್ತಿತ್ತು. ಈಗಿನ ತೆಳು ಸೀಟುಗಳಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದಿದೆ, ಪತ್ರಿಕೆ ಇಡುವ ಜೇಬನ್ನು ಮೊಣಕಾಲಿನ ಮಟ್ಟದಿಂದ ಎತ್ತಿ ಊಟದ ತಟ್ಟೆಯ ಮೇಲಕ್ಕೆ ಸಾಗಿಸಿದ್ದಾರೆ. ಹೀಗಾಗಿ 31 ಇಂಚಿನ ಹಳೆಯ ಸೀಟೂ 29 ಇಂಚಿನ ಹೊಸ ಸೀಟೂ ಮೊಣಕಾಲಿನ ಎದುರು ಹೆಚ್ಚುಕಡಿಮೆ ಒಂದೇ ಜಾಗ ಕೊಡಬಹುದು. ‘ಪಿಚ್ ಕಡಿಮೆಯಾದರೂ ಜಾಗ ಕಡಿಮೆಯಾಗಿಲ್ಲ’ ಎಂದು ವಿಮಾನ ಸಂಸ್ಥೆಗಳು ಹೇಳುವಾಗ ಪೂರ್ತಿ ಸುಳ್ಳನ್ನೇನೂ ಹೇಳುತ್ತಿರುವುದಿಲ್ಲ. ಆದರೆ ತೆಳುವಾದ ಸೀಟಿನಿಂದ ಉಳಿದ ಆ ಎರಡು ಇಂಚು ಪ್ರಯಾಣಿಕನ ಕೈಗೆ ಬರಲಿಲ್ಲ ಎಂಬ ಇನ್ನರ್ಧ ಮಾತನ್ನು ಅವು ಹೇಳುವುದಿಲ್ಲ.

ಆದ್ದರಿಂದ ಮೊದಲು ಅಳೆಯಬೇಕಾದದ್ದು ವಿಮಾನವನ್ನಲ್ಲ, ನಮ್ಮನ್ನು. ಮನೆಯಲ್ಲಿ ಒಂದು ಸ್ಟೂಲನ್ನು ಗೋಡೆಗೆ ತಾಗಿಸಿಟ್ಟು, ಸೊಂಟವೂ ಬೆನ್ನೂ ಗೋಡೆಗೆ ಒತ್ತಿಕೊಂಡಿರುವಂತೆ ನೆಟ್ಟಗೆ ಕೂತು, ಗೋಡೆಯಿಂದ ಮೊಣಕಾಲ ಚಿಪ್ಪಿನ ಮುಂಭಾಗದವರೆಗಿನ ದೂರವನ್ನು ದರ್ಜಿಯ ಟೇಪಿನಲ್ಲಿ ಇನ್ನೊಬ್ಬರಿಂದ ಅಳೆಸಿಕೊಳ್ಳಬೇಕು. ನನ್ನ ಎತ್ತರ ಐದು ಅಡಿ ಹನ್ನೊಂದು ಇಂಚು. ಈ ಅಳತೆ ನನಗೆ 62 ಸೆಂಟಿಮೀಟರ್ ಬಂತು, ಅಂದರೆ ಇಪ್ಪತ್ತನಾಲ್ಕೂವರೆ ಇಂಚಿಗೆ ಕೂದಲೆಳೆಯಷ್ಟು ಕಡಿಮೆ. 29 ಇಂಚಿನ ಪಿಚ್‌ನಲ್ಲಿ ಸೀಟಿನ ಬೆನ್ನಿಗೆ ಎರಡೂವರೆ ಇಂಚು ಹೋದರೆ ಉಳಿಯುವುದು ಇಪ್ಪತ್ತಾರೂವರೆ. ನನ್ನ ಪಾಲಿಗೆ ಮಿಗುವುದು ಎರಡು ಇಂಚು, ಮೂರು ಬೆರಳು ಅಡ್ಡ ಹಿಡಿದಷ್ಟು. ನೆಟ್ಟಗೆ ಕೂತಿರುವ ತನಕ ಇದು ಸಾಕು. ಆದರೆ ಒಂದೂವರೆ ಗಂಟೆ ಕಳೆದ ಮೇಲೆ ಯಾರೂ ನೆಟ್ಟಗೆ ಕೂತಿರುವುದಿಲ್ಲ. ಸೊಂಟ ಮುಂದಕ್ಕೆ ಜಾರುತ್ತದೆ, ಆ ಮೂರು ಬೆರಳು ಅಲ್ಲಿಗೆ ಮುಗಿಯುತ್ತದೆ. ಅಷ್ಟರಲ್ಲಿ ಮುಂದಿನವರು ಸೀಟನ್ನು ಹಿಂದಕ್ಕೆ ಬಾಗಿಸಿದರೆ ಲ್ಯಾಪ್‌ಟಾಪ್ ತೆರೆಯುವ ಮಾತು ಬಿಡಿ, ಊಟದ ತಟ್ಟೆಯೇ ಹೊಟ್ಟೆಗೆ ತಾಗುತ್ತದೆ. ಎತ್ತರ ಒಂದೇ ಇದ್ದರೂ ಒಬ್ಬರ ತೊಡೆ ಉದ್ದ, ಇನ್ನೊಬ್ಬರ ಮುಂಡ ಉದ್ದ ಇರುವುದುಂಟು. ಹಾಗಾಗಿ ‘ನೀವೆಷ್ಟು ಎತ್ತರ’ ಎಂಬ ಪ್ರಶ್ನೆಗಿಂತ ಈ ಸ್ಟೂಲಿನ ಅಳತೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಆ ಇಂಚುಗಳು ಹೋದದ್ದೆಲ್ಲಿಗೆ? ಇದಕ್ಕೆ ಶಾಲೆಯ ಗುಣಾಕಾರವೇ ಉತ್ತರ ಹೇಳುತ್ತದೆ. ಮೂವತ್ತು ಸಾಲುಗಳನ್ನು 30 ಇಂಚಿನ ಅಂತರದಲ್ಲಿ ಜೋಡಿಸಿದರೆ 900 ಇಂಚು ಬೇಕು. ಮೂವತ್ತೊಂದು ಸಾಲುಗಳನ್ನು 29 ಇಂಚಿನ ಅಂತರದಲ್ಲಿ ಜೋಡಿಸಿದರೆ 899. ಪ್ರತಿಯೊಬ್ಬರ ಮೊಣಕಾಲಿನಿಂದ ಒಂದೊಂದು ಇಂಚು ತೆಗೆದರೆ ಆರು ಸೀಟಿನ ಒಂದು ಪೂರ್ತಿ ಸಾಲು ಹುಟ್ಟಿಕೊಳ್ಳುತ್ತದೆ. ನಿಜವಾದ ವಿಮಾನದಲ್ಲಿ ಎಲ್ಲ ಸಾಲುಗಳ ಅಂತರ ಸಮನಾಗಿರುವುದಿಲ್ಲ, ಹಿಂಭಾಗದ ಶೌಚಾಲಯವನ್ನೂ ಅಡುಗೆಯ ಜಾಗವನ್ನೂ ಒತ್ತಿ ಕಿರಿದುಗೊಳಿಸಿಯೂ ಸಾಲು ಸೇರಿಸುತ್ತಾರೆ; ಏರ್‌ಬಸ್ ಕಂಪನಿ ‘ಸ್ಪೇಸ್‌ಫ್ಲೆಕ್ಸ್’ ಎಂಬ ಹೆಸರಿನಲ್ಲಿ ಇಂಥದೊಂದು ವಿನ್ಯಾಸವನ್ನೇ ಮಾರುತ್ತದೆ. ಹಾಗೆ ಬಿಡುವಾದ ಜಾಗವೂ ಮೊಣಕಾಲಿಗಲ್ಲದೆ ಹೆಚ್ಚುವರಿ ಸಾಲಿಗೇ ಹೋಗುತ್ತದೆ. ಲೆಕ್ಕಕ್ಕೆಂದು ಒಂದು ವಿಮಾನ ದಿನಕ್ಕೆ ಆರು ಸಲ ಹಾರುತ್ತದೆ, ಹೆಚ್ಚುವರಿ ಸಾಲಿನ ಆರು ಸೀಟುಗಳಲ್ಲಿ ಸರಾಸರಿ ಐದು ತುಂಬುತ್ತವೆ, ಒಂದೊಂದು ಸೀಟಿಗೆ 4000 ರೂಪಾಯಿ ಬರುತ್ತದೆ ಎಂದಿಟ್ಟುಕೊಂಡರೆ ಆ ಒಂದು ಸಾಲಿನ ದಿನದ ಆದಾಯ 1,20,000 ರೂಪಾಯಿ, ವರ್ಷಕ್ಕೆ ನಾಲ್ಕು ಕೋಟಿಗೂ ಮಿಕ್ಕು. ನೂರಾರು ವಿಮಾನಗಳಿರುವ ಸಂಸ್ಥೆಗೆ ಇದು ಬಿಡಲಾಗದ ಹಣ.

ನಮ್ಮ ದೇಶದಲ್ಲಿಯೇ ಇದರ ಉದಾಹರಣೆ ಕಣ್ಣೆದುರಿಗಿದೆ. ಏರ್‌ಬಸ್ ಎ320 ನಿಯೋ ಎಂಬ ಒಂದೇ ಅಳತೆಯ ವಿಮಾನದಲ್ಲಿ ಇಂಡಿಗೋ ಸಂಸ್ಥೆ 180 ಅಥವಾ 186 ಸೀಟುಗಳನ್ನು ಇರಿಸಿದೆ. ಏರ್ ಇಂಡಿಯಾ ತನ್ನ ನವೀಕೃತ ವಿಮಾನಗಳಲ್ಲಿ 8 ಬಿಸಿನೆಸ್, 24 ಪ್ರೀಮಿಯಂ ಇಕಾನಮಿ, 132 ಇಕಾನಮಿ ಎಂದು ಒಟ್ಟು 164 ಸೀಟುಗಳನ್ನು ಇರಿಸಿದೆ. 164 ಎಂಬ ಸಂಖ್ಯೆ ನೋಡಿ ಏರ್ ಇಂಡಿಯಾದ ಇಕಾನಮಿಯಲ್ಲಿ ಕಾಲು ಚಾಚಿ ಕೂರಬಹುದೆಂದು ಭಾವಿಸಿದರೆ ಮೋಸ ಹೋದಂತೆಯೇ. ಉಳಿಸಿದ ಜಾಗವೆಲ್ಲ ಮುಂದಿನ ಎರಡು ದರ್ಜೆಗಳಿಗೆ ಹಂಚಿಹೋಗಿದೆ. ಹಿಂದಿನ 132 ಮಂದಿಯ ಪಾಡು ಇತರ ಸಂಸ್ಥೆಗಳ ಇಕಾನಮಿಗಿಂತ ಹೆಚ್ಚೇನೂ ಬೇರೆಯಲ್ಲ. ಇಂಡಿಗೋ ಕೂಡ 2024ರಿಂದ ಕೆಲವು ಎ321 ವಿಮಾನಗಳಲ್ಲಿ ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ 38 ಇಂಚಿನ ಅಂತರದ 12 ಸೀಟುಗಳನ್ನು ತಂದಿತು. ಜಾಗವನ್ನು ಎಲ್ಲರಿಗೂ ಅಷ್ಟಿಷ್ಟು ಹಂಚುವ ಕಾಲ ಮುಗಿದು, ಅದನ್ನು ಒಂದೆಡೆ ಗುಡ್ಡೆ ಹಾಕಿ ಬೇರೆ ಬೆಲೆಗೆ ಮಾರುವ ಕಾಲ ಬಂದಿದೆ. ಹೆಚ್ಚುವರಿ ಸಾಲಿನಿಂದಾಗಿಯೇ ನಮ್ಮಲ್ಲಿ ಅನೇಕರು ಮೊದಲ ಬಾರಿಗೆ ವಿಮಾನ ಹತ್ತುವಷ್ಟು ದರ ಇಳಿಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಇರುವುದು ಇಂಚನ್ನು ತೆಗೆದದ್ದಕ್ಕಿಂತ ಹೆಚ್ಚಾಗಿ, ತೆಗೆದ ಇಂಚನ್ನು ಟಿಕೆಟ್ಟಿನ ಮೇಲೆ ತೋರಿಸದೆ ಇರುವುದಕ್ಕೆ.

ಎಲ್ಲಿಯವರೆಗೆ ಒತ್ತಬಹುದು ಎಂಬುದನ್ನು ಮಾರುಕಟ್ಟೆ ಆಗಾಗ ಪರೀಕ್ಷಿಸಿ ನೋಡುತ್ತದೆ. 2017ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಹೊಸ ಬೋಯಿಂಗ್ 737 ವಿಮಾನಗಳ ಕೆಲವು ಸಾಲುಗಳನ್ನು 29 ಇಂಚಿಗೆ ಇಳಿಸಲು ಹೊರಟು, ಪ್ರಯಾಣಿಕರೂ ಸಿಬ್ಬಂದಿಯೂ ಸಿಡಿದೆದ್ದ ಮೇಲೆ 30ಕ್ಕೆ ಮರಳಿತು. ಕೆನಡಾದ ವೆಸ್ಟ್‌ಜೆಟ್ ಸಂಸ್ಥೆ ಕೆಲವು 737 ವಿಮಾನಗಳಿಗೆ ಒಂದು ಸಾಲು ಹೆಚ್ಚು ಸೇರಿಸಿ 180 ಸೀಟು ಮಾಡಿತ್ತು. ಕಾಲು ಅಲ್ಲಾಡಿಸಲಾಗದೆ ಕೂತ ಪ್ರಯಾಣಿಕರ ವಿಡಿಯೊ ಎಲ್ಲೆಡೆ ಹರಿದಾಡಿದ ಮೇಲೆ 2026ರ ಜನವರಿಯಲ್ಲಿ ಆ ಸಾಲನ್ನು ಕಿತ್ತು 174ಕ್ಕೆ ಮರಳುವುದಾಗಿ ಪ್ರಕಟಿಸಿತು. ಎರಡು ಪ್ರಸಂಗಗಳಲ್ಲೂ ಸಂಸ್ಥೆ ಹಿಂದೆ ಸರಿದದ್ದು ನಿಯಮಕ್ಕೆ ಹೆದರಿ ಅಲ್ಲ, ಹೆಸರು ಕೆಡುವುದಕ್ಕೆ ಹೆದರಿ.

ನಿಯಮದ ಕತೆಯೇ ಬೇರೆ. ಅಮೆರಿಕದ ಪ್ರಯಾಣಿಕರ ಸಂಘಟನೆ ಫ್ಲೈಯರ್ಸ್ ರೈಟ್ಸ್ ಹೂಡಿದ ಮೊಕದ್ದಮೆಯಲ್ಲಿ 2017ರ ಜುಲೈನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಸೀಟು ಕಿರಿದಾಗುತ್ತಿರುವುದರಿಂದ ಸುರಕ್ಷತೆಗೆ ಧಕ್ಕೆಯಿದೆಯೇ ಎಂಬುದನ್ನು ಮತ್ತೊಮ್ಮೆ ಪರಿಶೀಲಿಸುವಂತೆ ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎಗೆ ಸೂಚಿಸಿತು. ಮರುವರ್ಷ ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿ, ಪ್ರಯಾಣಿಕರ ಸುರಕ್ಷತೆಗೆ ಬೇಕಾದ ಕನಿಷ್ಠ ಅಳತೆಗಳನ್ನು ಒಂದು ವರ್ಷದೊಳಗೆ ನಿಗದಿ ಮಾಡಬೇಕೆಂದಿತು. ಎಫ್‌ಎಎ ಒಕ್ಲಹೋಮಾ ಸಿಟಿಯಲ್ಲಿ 775 ಜನರನ್ನು ಕೂರಿಸಿ, 28 ಇಂಚಿನವರೆಗಿನ ಅಂತರದಲ್ಲಿ ತೆರವಿನ ಪರೀಕ್ಷೆ ನಡೆಸಿ, ಅಂತರ ಕಡಿಮೆಯಾದರೂ ಹೊರಬರುವ ವೇಗ ತಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು. ಪರೀಕ್ಷೆಗೆ ಬಂದವರೆಲ್ಲ ಅರವತ್ತು ವರ್ಷದ ಒಳಗಿನ ದೃಢಕಾಯರು, ಮಕ್ಕಳಿರಲಿಲ್ಲ, ಊರುಗೋಲಿನವರಿರಲಿಲ್ಲ. 2022ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 26,000ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಅಷ್ಟೆಲ್ಲ ಆದರೂ ಇಂಚಿನ ಲೆಕ್ಕದ ಕನಿಷ್ಠ ಮಿತಿ ಹೊರಬರಲಿಲ್ಲ. 2023ರಲ್ಲಿ ಅದೇ ನ್ಯಾಯಾಲಯ ಅದೇ ಸಂಘಟನೆಯ ಇನ್ನೊಂದು ಅರ್ಜಿಯನ್ನು ತಳ್ಳಿಹಾಕಿತು. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಮಾತ್ರ 1980ರ ದಶಕದ ಕೊನೆಯಲ್ಲಿಯೇ ಬೆನ್ನಿನಾಸರೆಯಿಂದ ಮುಂದಿನ ಸೀಟಿನ ಹಿಂಬದಿಯವರೆಗೆ 26 ಇಂಚು ಇರಬೇಕೆಂದು ವಿಧಿಸಿತ್ತು. ಅವರು ಅಳೆದದ್ದು ಪಿಚ್ ಅಲ್ಲ, ಕಾಲಿಗೆ ಉಳಿಯುವ ಜಾಗ. ಸರಿಯಾದ ಕಡೆ ಟೇಪು ಹಿಡಿದವರು ಅವರೇ.

ಬ್ರಿಟನ್ ಹೀಗೆ ಎಚ್ಚೆತ್ತುಕೊಂಡದ್ದಕ್ಕೆ ಹಿನ್ನೆಲೆಯಿದೆ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ನೆಲ ಬಿಟ್ಟೇಳುವ ಮೊದಲೇ ಬೆಂಕಿ ಹೊತ್ತಿಕೊಂಡ ಬೋಯಿಂಗ್ 737 ವಿಮಾನದಲ್ಲಿ 55 ಜನ ಸತ್ತರು. ರೆಕ್ಕೆಯ ಮೇಲಿನ ತುರ್ತು ಬಾಗಿಲನ್ನು ತಲುಪುವ ದಾರಿ ಸೀಟುಗಳ ನಡುವೆ ಇಕ್ಕಟ್ಟಾಗಿದ್ದದ್ದು ತನಿಖೆಯಲ್ಲಿ ಎದ್ದು ಕಂಡಿತು. ಅಲ್ಲಿಂದ ಮುಂದೆ ಆ ಬಾಗಿಲಿನ ಎದುರು ಅಡೆತಡೆಯಿಲ್ಲದ ದಾರಿ ಇರಲೇಬೇಕೆಂಬ ನಿಯಮಗಳು ಬಿಗಿಯಾದವು. ಇಂದು ಸೀಟು ನಕ್ಷೆಯಲ್ಲಿ ‘ಎಕ್ಸ್‌ಎಲ್’, ‘ಎಕ್ಸ್‌ಟ್ರಾ ಲೆಗ್‌ರೂಮ್’ ಎಂದು ಹೆಚ್ಚಿನ ಬೆಲೆಗೆ ಮಾರಾಟವಾಗುವ ತುರ್ತು ಬಾಗಿಲಿನ ಸಾಲು ಇದೇ ದಾರಿ. ಮೊದಲ ಸಾಲಿನ ಎದುರಿನ ವಿಶಾಲ ಜಾಗಕ್ಕೂ ಇಂಥದೇ ಕಾರಣವಿದೆ: ಗುರುತ್ವದ ಹದಿನಾರು ಪಟ್ಟು ಬಲದ ಹೊಡೆತಕ್ಕೆ ಸಿಕ್ಕಾಗ ಮುಂದಕ್ಕೆ ಬಾಗುವ ತಲೆ ಎದುರಿನ ಗೋಡೆಗೆ ಅಪಾಯಕಾರಿಯಾಗಿ ಬಡಿಯಬಾರದು ಎಂಬ ಪರೀಕ್ಷೆಯನ್ನು ಸೀಟು ಗೆಲ್ಲಬೇಕು. ಗೋಡೆಯನ್ನು ದೂರವಿಡಬೇಕು, ಇಲ್ಲವೇ ಬೆಲ್ಟಿನೊಳಗೆ ಗಾಳಿಚೀಲ ಇರಿಸಬೇಕು. ಅಂದರೆ ಇಕಾನಮಿಯ ಕೋಣೆಯಲ್ಲಿ ನಮಗೆ ವಿಶೇಷ ಸೌಲಭ್ಯವೆಂದು ತೋರಿಸಿ ಮಾರುವ ಜಾಗದ ಬಹುಪಾಲು ಸುರಕ್ಷತೆಯ ನಿಯಮ ಒತ್ತಾಯದಿಂದ ಬಿಡಿಸಿದ ಜಾಗ. ನಿಯಮ ಇಲ್ಲದ ಕಡೆ ಸಾಲು ಸೇರಿಕೊಂಡಿದೆ. ನಿಯಮ ಇರುವ ಕಡೆ ಬೆಲೆಯ ಚೀಟಿ ಅಂಟಿಕೊಂಡಿದೆ.

ಹೀಗೆ ನೋಡಿದರೆ ಸೀಟಿನ ಆಯ್ಕೆ ಸ್ವಲ್ಪ ಸುಲಭವಾಗುತ್ತದೆ. ಎ320 ವಿಮಾನದಲ್ಲಿ ರೆಕ್ಕೆಯ ಮೇಲೆ ಪ್ರತಿ ಬದಿಗೆ ಎರಡೆರಡು ತುರ್ತು ಬಾಗಿಲುಗಳಿವೆ. ಇಂಡಿಗೋದ ಎ320ರಲ್ಲಿ ಇವು 12 ಮತ್ತು 13ನೇ ಸಾಲುಗಳ ಬಳಿ ಬರುತ್ತವೆ. ಎರಡಕ್ಕೂ ಬೆಲೆ ಹೆಚ್ಚೇ, ಆದರೆ ಎರಡೂ ಒಂದೇ ಅಲ್ಲ. ಹಿಂದಿನ ಬಾಗಿಲಿನ ದಾರಿಗೆ ಅಡ್ಡ ಬರಬಾರದೆಂದು ಮುಂದಿನ ತುರ್ತು ಸಾಲಿನ ಸೀಟನ್ನು ಬಾಗದಂತೆ ಬಿಗಿದಿರುತ್ತಾರೆ. ಅದಕ್ಕೂ ಮುಂದಿನ ಸಾಲು, ಅಂದರೆ ಹನ್ನೊಂದನೆಯದು, ಹೆಚ್ಚು ಜಾಗವೂ ಇಲ್ಲದೆ ಬಾಗುವುದೂ ಇಲ್ಲದೆ ಎರಡೂ ಕಡೆಯಿಂದ ಕೆಡುತ್ತದೆ. ಬಾಗುವ ಸೀಟುಗಳಿರುವ ವಿಮಾನದಲ್ಲಿ ಎರಡು ತುರ್ತು ಸಾಲುಗಳ ಪೈಕಿ ಹಿಂದಿನದನ್ನು ಹಿಡಿಯುವುದು ಜಾಣತನ. ಈಚಿನ ಎಷ್ಟೋ ವಿಮಾನಗಳಲ್ಲಿ ಯಾವ ಸೀಟೂ ಬಾಗುವುದಿಲ್ಲವಾದ್ದರಿಂದ ಅಲ್ಲಿ ಈ ವ್ಯತ್ಯಾಸ ಮಾಯವಾಗುತ್ತದೆ. ಮುಂದಿನವರೂ ನಮ್ಮ ಮೇಲೆ ಬಾಗುವುದಿಲ್ಲ ಎಂಬುದನ್ನು ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಉದ್ದನೆಯ ಎ321 ವಿಮಾನಗಳಲ್ಲಿ ಪೂರ್ಣಪ್ರಮಾಣದ ಬಾಗಿಲಿನ ಹಿಂದೆ ಬರುವ ಕಿಟಕಿ ಸೀಟಿನ ಮುಂದೆ ಸೀಟೇ ಇರದಿದ್ದರೂ, ತುರ್ತಾಗಿ ಇಳಿಯುವ ಜಾರುಬಂಡೆಯನ್ನು ಮಡಚಿಟ್ಟ ಬಾಗಿಲಿನ ಉಬ್ಬು ಒಂದು ಕಾಲಿನ ಜಾಗವನ್ನು ನುಂಗುವುದುಂಟು.

ಈ ಸಾಲಿನಲ್ಲಿ ಕೂರುವುದು ಬರೀ ಹಣದ ವಿಷಯವಲ್ಲ. ಮಕ್ಕಳು, ಗರ್ಭಿಣಿಯರು, ಕೈಗೂಸು ಇರುವವರು, ನಡೆದಾಡಲು ನೆರವು ಬೇಕಾದವರು ಅಲ್ಲಿ ಕೂರುವಂತಿಲ್ಲ. ಎ320ರ ರೆಕ್ಕೆಯ ಮೇಲಿನ ಬಾಗಿಲು ಸುಮಾರು 15 ಕಿಲೋ ತೂಗುತ್ತದೆ. ಸಿಬ್ಬಂದಿ ಹೇಳಿದಾಗ ಅದನ್ನು ತೆಗೆಯಬೇಕಾದವರು ಅಲ್ಲಿ ಕೂತವರೇ, ಸಿಬ್ಬಂದಿ ಹೇಳದೆ ಮುಟ್ಟಬಾರದವರೂ ಅವರೇ. 2022ರ ಡಿಸೆಂಬರ್‌ನಲ್ಲಿ ಚೆನ್ನೈನಿಂದ ತಿರುಚಿರಾಪಳ್ಳಿಗೆ ಹೊರಟು ನಿಂತಿದ್ದ ಎಟಿಆರ್ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಕೈಯಿಂದ ತುರ್ತು ಬಾಗಿಲು ತೆರೆದುಕೊಂಡು, ತಪಾಸಣೆ ಮುಗಿಯುವವರೆಗೆ ವಿಮಾನ ತಡವಾದದ್ದು ಹಲವರಿಗೆ ನೆನಪಿರಬಹುದು. ಏರುವಾಗ ಇಳಿಯುವಾಗ ಆ ಸಾಲಿನಲ್ಲಿ ಕಾಲ ಬಳಿ ಚೀಲ ಇಡುವಂತಿಲ್ಲ, ಮೊದಲ ಸಾಲಿನಲ್ಲಂತೂ ಇಡಲು ಎದುರಿಗೆ ಸೀಟೇ ಇಲ್ಲ. ಊಟದ ತಟ್ಟೆ ಕೈಯಾಸರೆಯೊಳಗೆ ಹುದುಗಿರುವುದರಿಂದ ಮೊದಲ ಸಾಲಿನ ಸೀಟುಗಳು ಅಗಲದಲ್ಲಿ ಒಂದಿಷ್ಟು ಕಿರಿದು. ಕೈಯಾಸರೆ ಮೇಲಕ್ಕೆ ಏಳುವುದೂ ಇಲ್ಲ. ದಪ್ಪ ತೊಡೆಯವರು ಹೆಚ್ಚು ಹಣ ಕೊಟ್ಟು ಕಾಲು ಚಾಚುವ ಸುಖ ಪಡೆದು, ಸೊಂಟಕ್ಕೆ ಶಿಕ್ಷೆ ಕೊಟ್ಟುಕೊಳ್ಳುವುದನ್ನು ಕಂಡಿದ್ದೇನೆ.

ದೂರದ ಪ್ರಯಾಣದಲ್ಲಿ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಯುರೋಪಿಗೆ ರಾತ್ರಿ ಹೊರಡುವ ವಿಮಾನವೊಂದರಲ್ಲಿ ಬೇಗನೆ ಟಿಕೆಟ್ ಮಾಡಿಸಿ, ಮೂರು ಸಾವಿರ ಚಿಲ್ಲರೆ ರೂಪಾಯಿ ಹೆಚ್ಚು ಕೊಟ್ಟು ಕಿಟಕಿ ಸೀಟು ಆರಿಸಿಕೊಂಡಿದ್ದೆ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ; ಇಂಥ ಸೀಟು ಅನೇಕ ಕಡೆ ಇರುತ್ತದೆ. ಪಿಚ್ 32 ಇಂಚು ಎಂದು ಮೊದಲೇ ನೋಡಿಕೊಂಡಿದ್ದರಿಂದ ಧೈರ್ಯವಾಗಿ ಕೂತು ಬಲಗಾಲು ಚಾಚಿದೆ. ಶೂ ಠಣ್ಣೆಂದು ಯಾವುದಕ್ಕೋ ಬಡಿಯಿತು. ಬಗ್ಗಿ ನೋಡಿದರೆ ಮುಂದಿನ ಸೀಟಿನ ಕೆಳಗೆ ಅರ್ಧದಷ್ಟು ಜಾಗವನ್ನು ಆಕ್ರಮಿಸಿಕೊಂಡು ಶೂ ಡಬ್ಬಿಯಷ್ಟು ದೊಡ್ಡದಾದ ಬೂದುಬಣ್ಣದ ಲೋಹದ ಪೆಟ್ಟಿಗೆ. ಅದರಿಂದ ಹೊರಟ ತಂತಿಗಳ ಕಟ್ಟು ಸೀಟಿನ ಕಾಲಿಗೆ ಸುತ್ತಿಕೊಂಡಿತ್ತು. ಕೇಳಿದಾಗ ಗಗನಸಖಿ, ‘ಸರ್, ಅದು ಮುಂದಿನ ಪರದೆಗಳಿಗೆ ಸಂಬಂಧಿಸಿದ್ದು, ತೆಗೆಯಲಿಕ್ಕೆ ಬರೋದಿಲ್ಲ’ ಎಂದು ನಕ್ಕರು. ಒಂಬತ್ತು ಗಂಟೆ ನನ್ನ ಬಲಗಾಲು ಎಡಗಾಲಿನ ಮೇಲೆ ಕೂತು ಬಂತು. ಟಯರಿನ ಮೇಲಿನ ಸೀಟು ಆಕಾಶಕ್ಕೂ ಏರಿದೆ ಎಂದು ನನಗೆ ಅರಿವಾದದ್ದು ಆ ರಾತ್ರಿ. ಇಂಥ ಪೆಟ್ಟಿಗೆ ಪ್ರತಿ ಸೀಟಿನ ಕೆಳಗೂ ಇರುವುದಿಲ್ಲ. ಅದಲ್ಲದೆ ವಿಮಾನದ ಗೋಡೆ ಕೆಳಗೆ ಒಳಕ್ಕೆ ಬಾಗುವುದರಿಂದ ಕಿಟಕಿ ಸೀಟಿನಲ್ಲಿ ಹೊರಗಿನ ಪಾದಕ್ಕೆ ಸಹಜವಾಗಿಯೇ ಜಾಗ ಕಡಿಮೆ.

ಕಾಲಿನ ಉದ್ದದ ಮಾತಾಡುವಾಗ ಅಗಲವನ್ನು ಮರೆಯುವಂತಿಲ್ಲ, ಏಕೆಂದರೆ ಎದುರಿಗೆ ಜಾಗವಿಲ್ಲದಾಗ ಮೊಣಕಾಲು ಪಕ್ಕಕ್ಕೆ ಸರಿಯುತ್ತದೆ. ಬೋಯಿಂಗ್ 787ರ ಒಂದೊಂದು ಸಾಲಿನಲ್ಲಿ ಎಂಟು ಸೀಟು ಇಡಬಹುದಿತ್ತು. ಹೆಚ್ಚಿನ ಸಂಸ್ಥೆಗಳು ಒಂಬತ್ತು ಇಟ್ಟವು, ಒಬ್ಬೊಬ್ಬರಿಗೆ 17 ಇಂಚಿನ ಆಸುಪಾಸು ಉಳಿಯಿತು. ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ಹಾರುವ ಜಪಾನ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ 787 ವಿಮಾನಗಳಲ್ಲಿ ಎಂಟೇ ಸೀಟುಗಳನ್ನು ಉಳಿಸಿಕೊಂಡಿದೆ, ಪಿಚ್ ಕೂಡ ಸುಮಾರು 33 ಇಂಚು. ಬೋಯಿಂಗ್ 777ರಲ್ಲಿ ಒಂಬತ್ತಿದ್ದದ್ದು ಬಹುತೇಕ ಕಡೆ ಹತ್ತಾಗಿದೆ. ಏರ್‌ಬಸ್ ಎ350, ಎ330 ಮತ್ತು 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್ ಬೆಂಗಳೂರಿಗೆ ತರತೊಡಗಿದ ಎ380ಯಂಥ ವಿಮಾನಗಳಲ್ಲಿ ಅಗಲ 18 ಇಂಚಿನ ಸುತ್ತಮುತ್ತ ಇರುತ್ತದೆ. ಎರಡು ವಿಮಾನಗಳ ದರವೂ ವೇಳೆಯೂ ಹತ್ತಿರ ಹತ್ತಿರ ಇದ್ದರೆ ನಾನು ಸಂಸ್ಥೆಯ ಹೆಸರಿಗಿಂತ ಮೊದಲು ವಿಮಾನದ ಮಾದರಿಯನ್ನು ನೋಡುತ್ತೇನೆ.

ನಮ್ಮೂರುಗಳ ಚಿಕ್ಕ ಹಾರಾಟಗಳ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಬೆಂಗಳೂರಿನಿಂದ ಶಿವಮೊಗ್ಗದಂಥ ಊರುಗಳಿಗೆ ಹೋಗುವ ಎಟಿಆರ್ 72 ವಿಮಾನದಲ್ಲಿ ಸಾಲಿಗೆ ಎರಡೆರಡು ಸೀಟು, ಒಂದು ಗಂಟೆಯ ಪ್ರಯಾಣ. ಸ್ಟಾರ್ ಏರ್ ಬಳಸುವ ಎಂಬ್ರೇಯರ್ 175ರಲ್ಲೂ ನಡು ಸೀಟೆಂಬುದೇ ಇಲ್ಲ. ಅಂಥ ಕಡೆ ಸೀಟಿಗಾಗಿ ಹೆಚ್ಚು ಹಣ ಕೊಡುವುದು ನನಗೆ ದಂಡವೆನಿಸುತ್ತದೆ.

ಕಾಲಿಗೆ ಜಾಗವಿಲ್ಲದ್ದು ಬರೀ ಕಿರಿಕಿರಿಯ ಮಾತೇ? ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ವರದಿಯ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಅಲ್ಲಾಡದೆ ಕೂತರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಎರಡರಿಂದ ಮೂರು ಪಟ್ಟಾಗುತ್ತದೆ. ಗಾಬರಿಪಡುವಂಥದ್ದಲ್ಲ, ಅಂಥ ಪ್ರಯಾಣದಲ್ಲಿ ಆರೋಗ್ಯವಂತರ ಪೈಕಿ ಸುಮಾರು 6000ಕ್ಕೆ ಒಬ್ಬರಿಗೆ ಹೀಗಾಗಬಹುದು, ಬಸ್ಸು, ರೈಲು, ಕಾರಿನಲ್ಲಿ ಕೂತವರಿಗೂ ಇದು ಅನ್ವಯಿಸುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಅದೇ ವರದಿಯ ಇನ್ನೊಂದು ಅಂಶ: ಅಪಾಯ ಹೆಚ್ಚಿರುವವರಲ್ಲಿ 190 ಸೆಂಟಿಮೀಟರ್‌ಗಿಂತ ಎತ್ತರದವರ ಜೊತೆಗೆ 160 ಸೆಂಟಿಮೀಟರ್‌ಗಿಂತ ಕುಳ್ಳಗಿರುವವರೂ ಸೇರಿದ್ದಾರೆ. ಪಾದ ನೆಲಕ್ಕೆ ತಾಗದೆ ತೂಗಾಡಿದಾಗ ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ ಎಂಬುದನ್ನು ನೆನೆದರೆ ಇದು ವಿಚಿತ್ರವೆನಿಸುವುದಿಲ್ಲ. ನಮ್ಮ ಮನೆಗಳ ಹೆಚ್ಚಿನ ಹೆಂಗಸರು ಈ ಎರಡನೆಯ ಗುಂಪಿನವರು. ಕಾಲಿನ ಜಾಗದ ಚರ್ಚೆಯಲ್ಲಿ ಅವರ ಮಾತೇ ಬರುವುದಿಲ್ಲ. ಕಿಟಕಿ ಸೀಟಿನವರು ಏಳಲು ಸಂಕೋಚಪಟ್ಟು ಕೂತೇ ಇರುತ್ತಾರಾದ್ದರಿಂದ, ದೂರ ಹೋಗುವವರಿಗೆ ಇಕಾನಮಿಯ ಎಷ್ಟನೆಯ ಸಾಲು ಎಂಬುದಕ್ಕಿಂತ ನಡುದಾರಿಯ ಪಕ್ಕದ ಸೀಟೋ ಅಲ್ಲವೋ ಎಂಬುದು ಮುಖ್ಯ.

ಈಗ ಹಣದ ಮಾತು. ಸೀಟು, ಊಟ, ಲಗೇಜು ಮೊದಲಾದವನ್ನು ಟಿಕೆಟ್ಟಿನಿಂದ ಬೇರ್ಪಡಿಸಿ ಮಾರಲು ನಮ್ಮ ವಿಮಾನಯಾನ ಮಹಾನಿರ್ದೇಶನಾಲಯ ಸಂಸ್ಥೆಗಳಿಗೆ ಅವಕಾಶ ಕೊಟ್ಟಿದೆ. 2024ರ ಏಪ್ರಿಲ್‌ನಲ್ಲಿ ಅದೇ ನಿರ್ದೇಶನಾಲಯ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿ ಬರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ಸೂಚಿಸಿತು. ಆದ್ದರಿಂದ ಮಗು ಬೇರೆಯಾದೀತೆಂಬ ಹೆದರಿಕೆಗೆ ಹಣ ತೆರಬೇಕಾಗಿಲ್ಲ. ಎರಡು ಗಂಟೆಯೊಳಗಿನ ಹಾರಾಟಕ್ಕೆ ಸ್ಟೂಲಿನ ಅಳತೆ 63 ಸೆಂಟಿಮೀಟರ್ ಒಳಗಿರುವವರು ಯಾವ ಸೀಟನ್ನೂ ಕೊಳ್ಳದೆ, ವೆಬ್ ಚೆಕ್-ಇನ್ ತೆರೆಯುವ ಹೊತ್ತಿಗೆ ಕಾದಿದ್ದು ಉಳಿದದ್ದನ್ನು ಹಿಡಿದರೆ ಸಾಕು. ದೇಶದೊಳಗಿನ ಹೆಚ್ಚಿನ ಸಂಸ್ಥೆಗಳಲ್ಲಿ ಅದು ಹೊರಡುವ 48 ಗಂಟೆ ಮೊದಲು ತೆರೆಯುತ್ತದೆ. ಇದು ಈ ಕಾಲದ ಟವೆಲ್ಲು. ಅಳತೆ 65 ಸೆಂಟಿಮೀಟರ್ ದಾಟಿದವರು ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು ಕೊಟ್ಟ ಹಣಕ್ಕೆ ಮೋಸವಿಲ್ಲದ ಸೀಟು ಹುಡುಕಬೇಕು. ಆದರೆ ಎರಡನೆಯವರಿಗೆ ತುರ್ತು ಬಾಗಿಲಿನ ಸಾಲು ಸಿಗದು, ಮೊದಲ ಸಾಲೇ ಗತಿ. ಬಹಳ ವರ್ಷ ಪ್ರಯಾಣಿಕರಿಗೆ ದಾರಿ ತೋರಿದ ಸೀಟ್‌ಗುರು ತಾಣ 2025ರಲ್ಲಿ ಮುಚ್ಚಿತು. ಈಗ ನಾನು ನೋಡುವುದು ಏರೋಲೋಪಾ ತಾಣವನ್ನು. ಅಲ್ಲಿ ನಕ್ಷೆಗಳನ್ನು ಅಳತೆಗೆ ತಕ್ಕಂತೆ ಬರೆದಿರುವುದರಿಂದ ಯಾವ ಸಾಲಿನ ಮುಂದೆ ಜಾಗ ಹೆಚ್ಚು, ಯಾವ ಸೀಟಿಗೆ ಕಿಟಕಿಯೇ ಇಲ್ಲ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಒಂದೇ ಸಂಸ್ಥೆ ಒಂದೇ ಮಾದರಿಯ ವಿಮಾನವನ್ನು ಎರಡು ಮೂರು ವಿನ್ಯಾಸಗಳಲ್ಲಿ ಓಡಿಸುವುದರಿಂದ ಒಟ್ಟು ಸೀಟುಗಳ ಸಂಖ್ಯೆಯನ್ನು ತಾಳೆ ನೋಡಿಕೊಳ್ಳಬೇಕು. ಕೊನೆಯ ಗಳಿಗೆಯಲ್ಲಿ ವಿಮಾನ ಬದಲಾಗಿ, ಹಣ ಕೊಟ್ಟ ಸೀಟು ಬೇರೆಲ್ಲಿಗೋ ಹೋಗುವುದೂ ಉಂಟು. ಆಗ ಹಣ ವಾಪಸು ಕೇಳಲು ರಸೀದಿಯನ್ನು ತೆಗೆದಿಟ್ಟುಕೊಂಡಿರಬೇಕು.

ಕಳೆದ ದೀಪಾವಳಿಗೆ ಅಮ್ಮನನ್ನು ದೆಹಲಿಗೆ ಕರೆದುಕೊಂಡು ಹೋಗುವಾಗ, ಎರಡೂಮುಕ್ಕಾಲು ಗಂಟೆ ಕೂರಬೇಕಲ್ಲ ಎಂದು ಮೊದಲ ಸಾಲನ್ನೇ ಆರಿಸಿದ್ದೆ. ಅಮ್ಮನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಎದುರಿಗೆ ಅಷ್ಟೊಂದು ಖಾಲಿ ಜಾಗ, ಆದರೆ ಅಮ್ಮನ ಪಾದ ನೆಲಕ್ಕೆ ತಾಗಲಿಲ್ಲ. ಕಾಲಡಿಗೆ ಇಟ್ಟುಕೊಳ್ಳಲು ಹೋದ ಚೀಲವನ್ನು ಗಗನಸಖಿ ಮೇಲಿನ ಗೂಡಿಗೆ ಹಾಕಿಸಿದರು. ನಾಗಪುರ ದಾಟುವಷ್ಟರಲ್ಲಿ ಅಮ್ಮ, ‘ಇಷ್ಟು ದುಡ್ಡು ಕೊಟ್ಟು ಇದೇನೋ ಇದು, ಕಾಲು ಜೋಮು ಹಿಡೀತು’ ಎಂದರು. ಮರಳಿ ಬರುವಾಗ ಹಣ ಕೊಡದೆ ಸಿಕ್ಕ ಇಪ್ಪತ್ತೆರಡನೆಯ ಸಾಲಿನಲ್ಲಿ ನಡುದಾರಿಯ ಪಕ್ಕ ಕೂತರು. ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿದ ಮೇಲೆ ಮುಂದಿನ ಸೀಟಿನ ಕೆಳಗಿದ್ದ ಚೀಲವನ್ನು ನಾನು ಸ್ವಲ್ಪ ಹಿಂದಕ್ಕೆ ಎಳೆದುಕೊಟ್ಟೆ. ಚಪ್ಪಲಿ ಕಳಚಿ ಎರಡೂ ಪಾದಗಳನ್ನು ಅದರ ಮೇಲಿಟ್ಟುಕೊಂಡು ಬೆಂಗಳೂರಿನವರೆಗೂ ನಿದ್ದೆ ಮಾಡಿದರು. ಪಕ್ಕದ ನಡು ಸೀಟಿನಲ್ಲಿ ನಾನು ನನ್ನ ಮೂರು ಬೆರಳಿನ ಜಾಗದಲ್ಲಿ ಕೂತಿದ್ದೆ.